ಅಪ್ಪ ಎಲೆ ಹಂಚಿದರು, ನಾನು ಎಣಿಸಿದೆ: ಬ್ಲ್ಯಾಕ್‌ಜಾಕ್ ಅಭ್ಯಾಸದ ಸೆಟ್ ಬಗ್ಗೆ ಎಂಟು ತಿಂಗಳ ಅನುಭವ

ಬ್ಲ್ಯಾಕ್‌ಜಾಕ್ ಅನ್ನುವ ಕ್ಯಾಸಿನೊ ಇಸ್ಪೀಟಾಟದಲ್ಲಿ ಹೋದ ಎಲೆಗಳ ಲೆಕ್ಕ ಇಡುವುದನ್ನು ಕಲಿಯಲು ಇರುವ ಈ ಸೆಟ್ ನಮ್ಮ ಮನೆಗೆ ಬಂದಿದ್ದು ಫೆಬ್ರವರಿಯಲ್ಲಿ. ಈಗ ಅಕ್ಟೋಬರ್. ವಾರಕ್ಕೆ ನಾಲ್ಕೈದು ದಿನ, ದಿನಕ್ಕೆ ಅರ್ಧ ಗಂಟೆಯಾದರೂ ಇದನ್ನು ಬಳಸಿದ್ದೇನೆ. ಕೊಳ್ಳುವ ಮುಂಚೆ ಕನ್ನಡದಲ್ಲಿ ಯಾರಾದರೂ ಇದರ ಬಗ್ಗೆ ಬರೆದಿದ್ದಾರಾ ಅಂತ ಹುಡುಕಿದ್ದೆ. ನನಗೆ ಸಿಗಲಿಲ್ಲ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಪೆಟ್ಟಿಗೆಯಲ್ಲಿ ಇದ್ದದ್ದು ಆರು ಕಟ್ಟು ಇಸ್ಪೀಟು ಎಲೆ, ಅವನ್ನೆಲ್ಲ ತುಂಬಿಟ್ಟು ಒಂದೊಂದೇ ಎಳೆಯುವ ಶೂ ಅನ್ನುವ ಡಬ್ಬಿ, ಆಡಿ ಮುಗಿದ ಎಲೆ ಇಡುವ ಡಿಸ್ಕಾರ್ಡ್ ಟ್ರೇ, ಎಲ್ಲಿಗೆ ಬಂದಾಗ ಮತ್ತೆ ಕಲೆಸಬೇಕು ಅಂತ ಗುರುತಿಡುವ ಹಳದಿ ಬಣ್ಣದ ಕಟ್ ಕಾರ್ಡ್, ಯಾವಾಗ ಎಲೆ ಕೇಳಬೇಕು ಯಾವಾಗ ನಿಲ್ಲಬೇಕು ಅಂತ ತೋರಿಸುವ ಲ್ಯಾಮಿನೇಟ್ ಮಾಡಿದ ಚಾರ್ಟ್, ಜೊತೆಗೆ ಫೋನಿನಲ್ಲಿ ಒಂದು ವರ್ಷ ಆ್ಯಪ್ ಬಳಸುವ ಕೋಡ್. ಎಲ್ಲ ಸೇರಿ 68 ಡಾಲರ್ ಕೊಟ್ಟೆ. ಮಾರುವವರ ಹೆಸರು ಇಲ್ಲಿ ಹಾಕುತ್ತಿಲ್ಲ. ಇಂಥ ಸೆಟ್ಟುಗಳನ್ನು ಹಲವರು ಮಾರುತ್ತಾರೆ. ನೀವು ಯಾರದ್ದನ್ನು ಕೊಂಡರೂ ನೋಡಿಕೊಳ್ಳಬೇಕಾದ ವಿಷಯಗಳು ಹೆಚ್ಚುಕಮ್ಮಿ ಒಂದೇ.

ನಾವಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಕ್ಯಾಸಿನೊಗಳ ಊರು ಅಟ್ಲಾಂಟಿಕ್ ಸಿಟಿಗೆ ಕಾರಿನಲ್ಲಿ ಎರಡು ಗಂಟೆಯೂ ಬೇಡ. ಮೊದಲು ಆಫೀಸಿನವರ ಜೊತೆ ಹೋದಾಗ ಸುಮ್ನೆ ನಿಂತು ನೋಡಿ ಬಂದಿದ್ದೆ. ಆಮೇಲೆ ಒಂದು ವಿಷಯ ಓದಿದೆ, ಅದು ಮನಸ್ಸಿನಲ್ಲಿ ಕೂತುಬಿಟ್ಟಿತು. ಕೆನ್ ಯೂಸ್ಟನ್ ಅಂತ ಒಬ್ಬ ಆಟಗಾರ ಇದ್ದರು. ಎಲೆ ಎಣಿಸುತ್ತಾರೆ ಅಂತ ರಿಸಾರ್ಟ್ಸ್ ಕ್ಯಾಸಿನೊ ಅವರನ್ನು ಹೊರಗೆ ಹಾಕಿತ್ತು. ಅವರು ಕೋರ್ಟಿಗೆ ಹೋದರು. 1982ರಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್, ಕ್ಯಾಸಿನೊ ತಾನಾಗಿ ಹಾಗೆ ಹೊರಗೆ ಹಾಕುವಂತಿಲ್ಲ ಅಂತ ತೀರ್ಪು ಕೊಟ್ಟಿತು. ಲಾಸ್ ವೇಗಸ್ ಇರುವ ನೆವಾಡಾದಲ್ಲಿ ಹಾಗಿಲ್ಲ, ಅಲ್ಲಿ ಕ್ಯಾಸಿನೊದವರು "ನಿಮಗೆ ಇನ್ನು ಬ್ಲ್ಯಾಕ್‌ಜಾಕ್ ಇಲ್ಲ" ಅಂತ ಹೇಳಿ ಕಳಿಸಬಹುದು. ಎರಡೂ ಕಡೆ ತಲೆಯಲ್ಲಿ ಲೆಕ್ಕ ಇಡುವುದು ಅಪರಾಧ ಅಲ್ಲ. ಫೋನನ್ನೋ ಬೇರೆ ಯಂತ್ರವನ್ನೋ ಮೇಜಿನಲ್ಲಿ ಲೆಕ್ಕಕ್ಕೆ ಬಳಸಿದರೆ ಮಾತ್ರ ಅಪರಾಧ. ನನ್ನ ಸ್ವಂತ ತಲೆ, ನನ್ನ ಸ್ವಂತ ಲೆಕ್ಕ. ಕಲಿಯಬೇಕು ಅನ್ನಿಸಿತು.

ಸೆಟ್ ಬಂದಾಗ ಅಪ್ಪ ತೀರ್ಥಹಳ್ಳಿಯಿಂದ ಬಂದು ಹತ್ತು ದಿನ ಆಗಿತ್ತು. ಆರು ತಿಂಗಳಿಗೆ ಬಂದಿದ್ದರು. ಹೊರಗೆ ಹಿಮ, ಕಾಲಿಡುವ ಹಾಗಿಲ್ಲ. ಅವರಿಗೆ ಬೇಜಾರು. ಊಟದ ಮೇಜಿನ ಮೇಲೆ ಆರು ಕಟ್ಟು ಎಲೆ ನೋಡಿದ ಕೂಡಲೇ ಅವರ ಮುಖ ಅರಳಿತು.

"ಎಂತದೇ ಇದು, ಇಷ್ಟು ಎಲೆ? ಯಾರ ಮನೆ ಮದುವೆ?" ಅಂದರು. ನಮ್ಮ ಕಡೆ ಮದುವೆಯ ಹಿಂದಿನ ರಾತ್ರಿ ಚಪ್ಪರದಲ್ಲಿ ಇಸ್ಪೀಟು ಇದ್ದೇ ಇರುತ್ತದೆ.

ನಾನು ಆಟ ಹೇಳಿಕೊಟ್ಟೆ. ಇಪ್ಪತ್ತೊಂದರ ಒಳಗೆ ಇರಬೇಕು, ಎಲೆ ಹಂಚುವ ಡೀಲರ್‌ಗಿಂತ ಜಾಸ್ತಿ ಇರಬೇಕು. ರಾಜ, ರಾಣಿ, ಗುಲಾಮ ಎಲ್ಲರಿಗೂ ಹತ್ತೇ. ಎಕ್ಕಕ್ಕೆ ಒಂದು ಅಥವಾ ಹನ್ನೊಂದು. ಅಪ್ಪ ಆಡುತ್ತಿದ್ದದ್ದು ಇಪ್ಪತ್ತೆಂಟು ಅನ್ನುವ ಆಟ. ಅದರಲ್ಲಿ ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. "ಗುಲಾಮ, ರಾಜ, ಹತ್ತು, ಎಲ್ಲ ಒಂದೇ ಬೆಲೆಯಾ? ಇದೆಂಥ ನ್ಯಾಯ ಮಾರಾಯ್ತಿ" ಅಂತ ಕೇಳಿದರು. ಆದರೂ ಅವತ್ತಿನಿಂದ ಅವರೇ ನಮ್ಮ ಡೀಲರ್.

ಅಪ್ಪನಿಗೆ ಮೊದಲು ಬಂದ ಸಂಶಯ ತುಂಬಾ ಜನರಿಗೆ ಬರುತ್ತದೆ. ಆರು ಕಟ್ಟು ಅಂದರೆ 312 ಎಲೆ. ಅಷ್ಟನ್ನೂ ನೆನಪಿಟ್ಟುಕೊಳ್ಳಬೇಕಾ? ಬೇಡ. ಯಾವ ಎಲೆಯನ್ನೂ ನೆನಪಿಡಬೇಕಾಗಿಲ್ಲ. ಒಂದೇ ಒಂದು ಸಂಖ್ಯೆ ನೆನಪಿದ್ದರೆ ಸಾಕು. 1962ರಲ್ಲಿ ಎಡ್ವರ್ಡ್ ಥಾರ್ಪ್ ಅನ್ನುವ ಗಣಿತದ ಮೇಷ್ಟ್ರು, ಹೋದ ಎಲೆಗಳನ್ನು ಗಮನಿಸಿದರೆ ಈ ಆಟದಲ್ಲಿ ಆಡುವವನ ಕೈ ಮೇಲಾಗುತ್ತದೆ ಅಂತ ಪುಸ್ತಕ ಬರೆದು ಲೋಕಕ್ಕೆ ತಿಳಿಸಿದರು. ಐಬಿಎಂ 704 ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ್ದರು. ಮರುವರ್ಷ ಹಾರ್ವಿ ಡಬ್ನರ್ ಅದನ್ನು ಸರಳ ಮಾಡಿದರು. ಅದೇ ಹೈ-ಲೋ. ಎರಡರಿಂದ ಆರರ ತನಕ ಯಾವ ಎಲೆ ಬಂದರೂ ಒಂದು ಕೂಡಬೇಕು. ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಬಂದರೆ ಒಂದು ಕಳೆಯಬೇಕು. ಏಳು, ಎಂಟು, ಒಂಬತ್ತಕ್ಕೆ ಏನೂ ಇಲ್ಲ. ಒಂದು ಕಟ್ಟಿನಲ್ಲಿ ಕೂಡುವ ಎಲೆ ಇಪ್ಪತ್ತು, ಕಳೆಯುವ ಎಲೆ ಇಪ್ಪತ್ತು. ಕಟ್ಟು ಮುಗಿದಾಗ ಸೊನ್ನೆಗೇ ಬಂದು ನಿಲ್ಲಬೇಕು.

ಸಂಖ್ಯೆ ಮೇಲೇರಿದೆ ಅಂದರೆ ಸಣ್ಣ ಎಲೆಗಳು ಖರ್ಚಾಗಿವೆ, ದೊಡ್ಡವು ಶೂ ಒಳಗೇ ಉಳಿದಿವೆ. ದೊಡ್ಡ ಎಲೆ ಜಾಸ್ತಿ ಉಳಿದರೆ ನಮಗೆ ಲಾಭ, ಆಗ ಬೆಟ್ ಏರಿಸುತ್ತೇವೆ. ಎಕ್ಕ ಮತ್ತು ಹತ್ತರ ಜೋಡಿ ನಮಗೆ ಬಂದರೆ ಒಂದೂವರೆ ಪಟ್ಟು ಕೊಡುತ್ತಾರೆ, ಡೀಲರ್‌ಗೆ ಬಂದರೆ ನಮ್ಮಿಂದ ಒಂದು ಪಟ್ಟು ಮಾತ್ರ ಹೋಗುತ್ತದೆ. ಅಷ್ಟೇ ಅಲ್ಲ, ಹನ್ನೆರಡರಿಂದ ಹದಿನಾರು ಇದ್ದರೆ ನಾವು ನಿಲ್ಲಬಹುದು, ಡೀಲರ್ ಎಲೆ ಎಳೆಯಲೇಬೇಕು. ಹತ್ತು ಬಂತೋ, ಅವನ ಕೈ ಇಪ್ಪತ್ತೊಂದು ದಾಟುತ್ತದೆ.

ಈಗ ಆ್ಯಪ್ ವಿಷಯಕ್ಕೆ ಬರುತ್ತೇನೆ. ಮೊದಲ ತಿಂಗಳು ಅದನ್ನೇ ಜಾಸ್ತಿ ಬಳಸಿದೆ. ಒಂದು ಕಟ್ಟನ್ನು ಒಂದೊಂದೇ ಎಲೆಯಾಗಿ ತೋರಿಸುತ್ತದೆ, ಕೊನೆಗೆ ಸಂಖ್ಯೆ ಕೇಳುತ್ತದೆ. ಮೊದಲ ದಿನ 1 ನಿಮಿಷ 48 ಸೆಕೆಂಡ್ ಹಿಡಿಯಿತು, ಉತ್ತರವೂ ತಪ್ಪು. 30 ಸೆಕೆಂಡಿನ ಒಳಗೆ ಒಂದು ಕಟ್ಟು ಮುಗಿಸಬೇಕು ಅನ್ನುವುದು ಎಣಿಸುವವರ ಹಳೇ ಅಳತೆ. ಏಪ್ರಿಲ್ ಕೊನೆಗೆ ನಾನು 27 ಸೆಕೆಂಡಿಗೆ ಬಂದೆ.

ಆ್ಯಪ್‌ನಲ್ಲಿ ನನಗೆ ನಿಜವಾಗಿ ಇಷ್ಟವಾದ ಪಾಠ ಜೋಡಿ ಎಲೆಗಳದ್ದು. ಎರಡು ಎಲೆ ಮಿಂಚಿ ಮಾಯವಾಗುತ್ತವೆ. ರಾಜನೂ ಐದೂ ಒಟ್ಟಿಗೆ ಬಂದರೆ ಒಂದನ್ನೊಂದು ಹೊಡೆದುಹಾಕುತ್ತವೆ, ಎಣಿಸುವ ಕೆಲಸವೇ ಇಲ್ಲ. ಎರಡು ವಾರ ಇದನ್ನೇ ಮಾಡಿದ ಮೇಲೆ ಮೇಜಿನ ಮೇಲಿನ ಎಲೆಗಳು ನನಗೆ ಬೇರೆಯ ಥರವೇ ಕಾಣತೊಡಗಿದವು. ಏಳು ಎಲೆ ಬಿದ್ದಿದ್ದರೆ ಅದರಲ್ಲಿ ಮೂರು ಜೋಡಿ ತಾನಾಗೇ ಕಳೆದುಹೋಗಿ ಒಂದು ಎಲೆ ಮಾತ್ರ ಕಣ್ಣಿಗೆ ಉಳಿಯುತ್ತದೆ. ಎಣಿಕೆಯ ವೇಗ ಬರುವುದು ಇಲ್ಲಿಂದಲೇ. ಈ ಒಂದು ಪಾಠಕ್ಕೆ ಆ್ಯಪ್‌ಗೆ ಪೂರ್ತಿ ಅಂಕ ಕೊಡುತ್ತೇನೆ.

ಉಳಿದದ್ದಕ್ಕೆ ಅಷ್ಟು ಕೊಡಲಾರೆ. ಆ್ಯಪ್ ಎಲೆ ಬಿಡುವ ವೇಗ ಗಡಿಯಾರದ ಹಾಗೆ ಒಂದೇ ಸಮ. ನಿಜವಾದ ಡೀಲರ್ ಕೈ ಹಾಗಿರುವುದಿಲ್ಲ. ಒಮ್ಮೆ ಸರಸರ ನಾಲ್ಕು ಎಲೆ ಬೀಳುತ್ತವೆ, ಮತ್ತೆ ಯಾರೋ ಚಿಪ್ಸ್, ಅಂದರೆ ಆಟದ ಬಿಲ್ಲೆ, ಬದಲಿಸಲು ನಿಲ್ಲಿಸುತ್ತಾರೆ, ಆಮೇಲೆ ಮಾತು, ನಗು. ಆ ನಿಲುಗಡೆಯಲ್ಲಿ ಸಂಖ್ಯೆಯನ್ನು ಹಿಡಿದಿಟ್ಟುಕೊಳ್ಳುವುದೇ ಕಷ್ಟ. ಓಡುವಾಗ ಎಡವುವುದಿಲ್ಲ, ನಿಂತಾಗ ಮರೆತುಹೋಗುತ್ತದೆ. ಇದಕ್ಕೆ ಆ್ಯಪ್‌ನಲ್ಲಿ ಅಭ್ಯಾಸವೇ ಇಲ್ಲ.

ಇನ್ನೊಂದು, ಅದರ ಧ್ವನಿ. ಪ್ರತಿ ಎಲೆಗೂ ಇಂಗ್ಲಿಷಿನಲ್ಲಿ "ಪ್ಲಸ್ ಒನ್, ಪ್ಲಸ್ ಟೂ" ಅಂತ ಹೇಳುತ್ತದೆ. ನಾನೂ ಹಾಗೇ ಕಲಿತೆ. ಮೊದಲ ಸಲ ಮನೆಯಲ್ಲಿ ನಮ್ಮನೆಯವರೂ ಅಪ್ಪನೂ ಕೂತು ಪೂರ್ತಿ ಆಟ ಆಡಿದಾಗ ನನ್ನ ಲೆಕ್ಕ ಕುಸಿದುಬಿತ್ತು. ಕಾರಣ ಗೊತ್ತಾಗಲು ಎರಡು ದಿನ ಬೇಕಾಯಿತು. ಡೀಲರ್ ಆದವರು ಪ್ರತಿ ಕೈಯ ಮೊತ್ತವನ್ನು ಜೋರಾಗಿ ಹೇಳುತ್ತಾರಲ್ಲ, "ಸಿಕ್ಸ್‌ಟೀನ್", "ನೈಂಟೀನ್" ಅಂತ, ಕ್ಯಾಸಿನೊ ರೂಢಿ ಅಂತ ನಮ್ಮನೆಯವರು ಹಾಗೇ ಹೇಳುತ್ತಿದ್ದರು. ಆ ಇಂಗ್ಲಿಷ್ ಸಂಖ್ಯೆ ಕಿವಿಗೆ ಬಿದ್ದ ಕೂಡಲೇ ನನ್ನ ತಲೆಯ ಇಂಗ್ಲಿಷ್ ಸಂಖ್ಯೆ ಅಳಿಸಿಹೋಗುತ್ತಿತ್ತು.

ಇದಕ್ಕೆ ದಾರಿ ತೋರಿಸಿದ್ದು ಅಪ್ಪ. ಅವರು ಮೂವತ್ತು ವರ್ಷ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆದವರು. "ಪ್ಲಸ್ಸು ಮೈನಸ್ಸು ಎಲ್ಲ ಎಂತಕ್ಕೆ? ಜಮಾ ಮೂರು, ಸಾಲ ಎರಡು ಅಂತ ಹೇಳ್ಕೋ" ಅಂದರು. ಅವತ್ತಿನಿಂದ ನಾನು ಕನ್ನಡದಲ್ಲೇ ಎಣಿಸುತ್ತೇನೆ. ಜಮಾ ಒಂದು, ಜಮಾ ಎರಡು, ಮತ್ತೆ ಜಮಾ ಒಂದು, ಸೊನ್ನೆ, ಸಾಲ ಒಂದು. ಡೀಲರ್ ಇಂಗ್ಲಿಷಿನಲ್ಲಿ ಏನೇ ಕೂಗಲಿ, ನನ್ನ ಲೆಕ್ಕಕ್ಕೆ ತಾಗುವುದಿಲ್ಲ. "ಸಾಲ" ಅನ್ನುವ ಮಾತಿನಲ್ಲೇ ಎಚ್ಚರಿಕೆ ಇದೆ, ಸಣ್ಣ ಬೆಟ್ ಇಡು ಅಂತ. ನನ್ನ ತಪ್ಪುಗಳು ಒಂದೇ ವಾರದಲ್ಲಿ ಅರ್ಧಕ್ಕೆ ಇಳಿದವು. ಹೊರದೇಶದಲ್ಲಿ ಇದನ್ನು ಕಲಿಯುವ ಕನ್ನಡದವರಿಗೆ ನಾನು ಹೇಳುವ ಮೊದಲ ಮಾತೇ ಇದು. ಆ್ಯಪ್‌ನ ಧ್ವನಿ ಬಂದ್ ಮಾಡಿ, ಕನ್ನಡದಲ್ಲಿ ಎಣಿಸಿ.

ಆ್ಯಪ್ ಬಗ್ಗೆ ನನಗೆ ನಿಜಕ್ಕೂ ಸಿಟ್ಟು ಬಂದದ್ದು ಜಾಹೀರಾತಿಗೆ. ದುಡ್ಡು ಕೊಟ್ಟ ಮೇಲೂ ಪ್ರತಿ ಪಾಠ ಮುಗಿದಾಗ ಆನ್‌ಲೈನ್ ಕ್ಯಾಸಿನೊ ಜಾಹೀರಾತು ಬರುತ್ತದೆ. "ಈಗ ಕಲಿತದ್ದನ್ನು ನಿಜವಾದ ಹಣದಲ್ಲಿ ಆಡಿ" ಅನ್ನುವ ಥರದ್ದು. ನ್ಯೂಜೆರ್ಸಿಯಲ್ಲಿ 2013ರಿಂದ ಆನ್‌ಲೈನ್ ಕ್ಯಾಸಿನೊ ಕಾನೂನುಬದ್ಧ, ಅದು ಸರಿ. ಆದರೆ ಕಂಪ್ಯೂಟರ್ ಹಂಚುವ ಬ್ಲ್ಯಾಕ್‌ಜಾಕ್‌ನಲ್ಲಿ ಪ್ರತಿ ಕೈಗೂ ಎಲೆ ಹೊಸದಾಗಿ ಕಲೆಸಿದ ಹಾಗೆ. ಹಿಂದೆ ಹೋದ ಎಲೆಗೂ ಮುಂದೆ ಬರುವ ಎಲೆಗೂ ಸಂಬಂಧವೇ ಇಲ್ಲ. ಅಲ್ಲಿ ಎಣಿಸಿ ಏನು ಮಾಡುವುದು? ಎಣಿಕೆ ಕಲಿಸುವವರೇ ಎಣಿಕೆ ನಡೆಯದ ಜಾಗಕ್ಕೆ ಕಲಿಯುವವರನ್ನು ಕಳಿಸುವುದು ತಪ್ಪು. ಹೊಸಬರಿಗೆ ಇದು ಗೊತ್ತಿರುವುದಿಲ್ಲ, ನಂಬಿಬಿಡುತ್ತಾರೆ.

ಚಾರ್ಟ್‌ನಲ್ಲೂ ಒಂದು ತೊಂದರೆ. ಎರಡು ವಾರ ನಾನು ಗೊಂದಲದಲ್ಲಿದ್ದೆ. ನನ್ನ ಕೈಯಲ್ಲಿ ಹನ್ನೊಂದು, ಡೀಲರ್ ಎದುರು ಎಕ್ಕ. ಲ್ಯಾಮಿನೇಟ್ ಚಾರ್ಟ್ ಎಲೆ ಕೇಳು ಅನ್ನುತ್ತದೆ, ಆ್ಯಪ್ ಡಬಲ್ ಮಾಡು, ಅಂದರೆ ಬೆಟ್ ಎರಡರಷ್ಟು ಮಾಡಿ ಒಂದೇ ಒಂದು ಎಲೆ ತೆಗೆದುಕೋ, ಅನ್ನುತ್ತದೆ. ಎಕ್ಕ-ಎಂಟು ಇದ್ದು ಡೀಲರ್‌ಗೆ ಆರು ಇದ್ದರೂ ಹೀಗೇ, ಒಂದು ನಿಲ್ಲು ಅಂದರೆ ಇನ್ನೊಂದು ಡಬಲ್ ಅನ್ನುತ್ತದೆ. ನೋಡಿದರೆ ಎರಡೂ ಸರಿಯೇ. ಎಕ್ಕ ಮತ್ತು ಆರು ಸೇರಿ ಬರುವ ಹದಿನೇಳಕ್ಕೆ ಸಾಫ್ಟ್ ಸೆವೆಂಟೀನ್ ಅನ್ನುತ್ತಾರೆ. ಅದರ ಮೇಲೆ ಡೀಲರ್ ನಿಲ್ಲುವ ಆಟಕ್ಕೆ ಚಾರ್ಟ್, ಮತ್ತೊಂದು ಎಲೆ ಎಳೆಯುವ ಆಟಕ್ಕೆ ಆ್ಯಪ್. ಒಂದೇ ಪೆಟ್ಟಿಗೆಯಲ್ಲಿ ಎರಡು ಬೇರೆ ಆಟದ ಪಾಠ ಇಟ್ಟಿದ್ದಾರೆ, ಎಲ್ಲೂ ಅದನ್ನು ಹೇಳಿಲ್ಲ. ಕ್ಯಾಸಿನೊದಲ್ಲಿ ಈ ನಿಯಮ ಮೇಜಿನ ಬಟ್ಟೆಯ ಮೇಲೇ ಅಚ್ಚಾಗಿರುತ್ತದೆ, ಕೂರುವ ಮೊದಲು ಓದಿಕೊಳ್ಳಬಹುದು. ಕಡಿಮೆ ಬೆಟ್‌ನ ಮೇಜುಗಳಲ್ಲಿ ನಾನು ಕಂಡದ್ದೆಲ್ಲ ಡೀಲರ್ ಎಲೆ ಎಳೆಯುವ ಆಟವೇ. ಹಾಗಾಗಿ ಚಾರ್ಟನ್ನು ಪಕ್ಕಕ್ಕಿಟ್ಟೆ.

ಇನ್ನು ಟ್ರೇ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಎಣಿಕೆಯಲ್ಲಿ ಎಲ್ಲರೂ ಮುಗ್ಗರಿಸುವುದು ಇಲ್ಲಿಯೇ.

ಆರು ಕಟ್ಟಿನ ಆಟದಲ್ಲಿ ತಲೆಯಲ್ಲಿರುವ ಸಂಖ್ಯೆಯೊಂದೇ ಸಾಲದು. ಐದು ಕಟ್ಟು ಉಳಿದಿರುವಾಗ ಜಮಾ ಆರು ಅಂದರೆ ದೊಡ್ಡದೇನಲ್ಲ. ಒಂದೂವರೆ ಕಟ್ಟು ಉಳಿದಿರುವಾಗ ಜಮಾ ಆರು ಅಂದರೆ ಹಬ್ಬ. ಅದಕ್ಕೇ ಉಳಿದ ಕಟ್ಟುಗಳಿಂದ ಭಾಗಿಸಬೇಕು. ಆಗ ಸಿಗುವುದು ಟ್ರೂ ಕೌಂಟ್. ಉಳಿದದ್ದು ಎಷ್ಟು ಅಂತ ಗೊತ್ತಾಗುವುದು ಟ್ರೇಯಲ್ಲಿ ಬಿದ್ದ ಎಲೆಗಳ ಎತ್ತರ ನೋಡಿ. ಆರರಲ್ಲಿ ಅದನ್ನು ಕಳೆದರೆ ಆಯಿತು.

ನಮ್ಮ ಸೆಟ್‌ನ ಟ್ರೇಯಲ್ಲಿ ಕಲಿಯುವವರಿಗೆ ಅನುಕೂಲವಾಗಲಿ ಅಂತ ಕಟ್ಟಿಗೊಂದು ಗೆರೆ ಹಾಕಿದ್ದಾರೆ. ಒಳ್ಳೆಯ ಯೋಚನೆ. ಆದರೆ ಗೆರೆಗೂ ಎಲೆಗೂ ಹೊಂದುವುದಿಲ್ಲ. ಮಗಳ ಸ್ಕೂಲ್ ಸ್ಕೇಲ್ ತಂದು ಅಳೆದೆ. ಗೆರೆಗಳ ನಡುವೆ 16 ಮಿಲಿಮೀಟರ್. ಅವರೇ ಕೊಟ್ಟ ಎಲೆಗಳ ಒಂದು ಕಟ್ಟು ಹದಿಮೂರೂವರೆ ಮಿಲಿಮೀಟರ್. ಎಲೆ ತೆಳು. ನಾಲ್ಕು ಕಟ್ಟು ಟ್ರೇಗೆ ಬಿದ್ದಾಗ ಅದು ಮೂರೂವರೆ ಗೆರೆಯನ್ನೂ ಮುಟ್ಟುವುದಿಲ್ಲ.

ಇಷ್ಟಕ್ಕೆ ಏನಾಗುತ್ತದೆ ಅನ್ನಿಸಬಹುದು. ನನಗೆ ಹದಿನೈದು ಬಂದಿದೆ, ಡೀಲರ್ ಎದುರು ಹತ್ತು. ತಲೆಯಲ್ಲಿ ಜಮಾ ಒಂಬತ್ತು. ನಿಜಕ್ಕೂ ನಾಲ್ಕು ಕಟ್ಟು ಹೋಗಿ ಎರಡು ಉಳಿದಿದ್ದರೆ ಒಂಬತ್ತನ್ನು ಎರಡರಿಂದ ಭಾಗಿಸಿ ನಾಲ್ಕೂವರೆ. ಈ ಕೈಗೆ ಗಡಿ ನಾಲ್ಕು. ಅದನ್ನು ದಾಟಿದೆ, ಹದಿನೈದರ ಮೇಲೆ ನಿಲ್ಲಬೇಕು. ಟ್ರೇಯ ಗೆರೆ ನಂಬಿ ಮೂರೂವರೆ ಹೋಗಿದೆ ಅಂದುಕೊಂಡರೆ ಉಳಿದದ್ದು ಎರಡೂವರೆ, ಉತ್ತರ 3.6. ನಾಲ್ಕು ಮುಟ್ಟಲಿಲ್ಲ, ಎಲೆ ಕೇಳುತ್ತೇನೆ. ಅದೇ ಕೈ, ಅದೇ ಎಣಿಕೆ, ಆಟ ಮಾತ್ರ ತಲೆಕೆಳಗು. ಬೆಟ್ ಕೂಡ ಒಂದು ಮೆಟ್ಟಿಲು ಕಡಿಮೆ ಇಟ್ಟಿರುತ್ತೇನೆ. ಎಣಿಕೆಯನ್ನು ಇಷ್ಟು ಕಷ್ಟಪಟ್ಟು ಸರಿ ಮಾಡಿಕೊಂಡು ಭಾಗಾಕಾರದಲ್ಲಿ ಕಳೆದುಕೊಂಡ ಹಾಗೆ.

ಮಾರಿದವರಿಗೆ ಎರಡು ಸಲ ಮೇಲ್ ಹಾಕಿದೆ. ಆ್ಯಪ್‌ನಲ್ಲಿ ಟ್ರೇ ಚಿತ್ರಗಳ ಪಾಠ ಇದೆ, ಅದನ್ನು ಬಳಸಿ ಅಂತ ಉತ್ತರ ಬಂತು. ಎಲೆ ಬದಲಿಸಿ ಕೊಡಲಿಲ್ಲ.

ಪರಿಹಾರ ಸಿಕ್ಕಿದ್ದು ಅಟ್ಲಾಂಟಿಕ್ ಸಿಟಿಯಲ್ಲಿ ಬೋರ್ಡ್‌ವಾಕ್ ಅನ್ನುವ ಕಡಲ ದಂಡೆಯ ನಡಿಗೆದಾರಿಯ ಒಂದು ಸಣ್ಣ ಅಂಗಡಿಯಲ್ಲಿ. ಕ್ಯಾಸಿನೊಗಳು ಬಳಸಿ ಬಿಟ್ಟ ಎಲೆಗಳನ್ನು ನಡುವೆ ತೂತು ಕೊರೆದೋ ಮೂಲೆ ಕತ್ತರಿಸಿಯೋ ಮಾರಾಟಕ್ಕೆ ಬಿಡುತ್ತಾರೆ, ಮತ್ತೆ ಮೇಜಿಗೆ ಬರಬಾರದು ಅಂತ. ಒಂದು ಕಟ್ಟಿಗೆ ಎರಡು ಡಾಲರ್. ಆರು ಕೊಂಡೆ. ಮನೆಗೆ ಬಂದು ಟ್ರೇಯಲ್ಲಿಟ್ಟರೆ ಗೆರೆಗೆ ಹೆಚ್ಚುಕಮ್ಮಿ ಸರಿಯಾಗಿ ಕೂತವು. ಅಂದರೆ ಟ್ರೇ ಮಾಡಿದವರು ಕ್ಯಾಸಿನೊ ಎಲೆಯ ಅಳತೆಗೇ ಮಾಡಿದ್ದಾರೆ, ಪೆಟ್ಟಿಗೆ ತುಂಬಿಸಿದವರು ಅಗ್ಗದ ಎಲೆ ಹಾಕಿದ್ದಾರೆ. ಈಗ ಗೆರೆ ಇರುವ ಬದಿಯನ್ನು ಆಚೆ ತಿರುಗಿಸಿ ಅಭ್ಯಾಸ ಮಾಡುತ್ತೇನೆ, ಕ್ಯಾಸಿನೊ ಟ್ರೇಯಲ್ಲಿ ಸಾಮಾನ್ಯವಾಗಿ ಗೆರೆ ಇರುವುದಿಲ್ಲವಲ್ಲ. ಅಪ್ಪ ಇದ್ದಾಗ ಒಂದಷ್ಟು ಎಲೆ ತೆಗೆದು ಟ್ರೇಗೆ ಇಡುತ್ತಿದ್ದರು, ನಾನು "ಎರಡೂವರೆ" ಅನ್ನಬೇಕಿತ್ತು, ಅವರು ಎಣಿಸಿ ನೋಡುತ್ತಿದ್ದರು. 130 ಎಲೆ ಇದ್ದರೆ ಸರಿಯಾಗಿ ಎರಡೂವರೆ. ಜುಲೈ ಹೊತ್ತಿಗೆ ನಾನು ಹತ್ತು ಎಲೆಗಿಂತ ಜಾಸ್ತಿ ತಪ್ಪುತ್ತಿರಲಿಲ್ಲ.

ಶೂ ಚೆನ್ನಾಗಿದೆ. ಎಲೆ ಸಿಕ್ಕಿಕೊಳ್ಳುವುದಿಲ್ಲ. ಅದರ ಬಗ್ಗೆ ಹೇಳುವುದೇನೂ ಇಲ್ಲ.

ಅಪ್ಪ ತಾವೇ ಇಷ್ಟಪಟ್ಟು ಆಡುತ್ತಿದ್ದ ಒಂದು ಆಟ ಇದೆ. ಒಂದು ಕಟ್ಟಿನಿಂದ ಒಂದು ಎಲೆ ಮುಚ್ಚಿ ಪಕ್ಕಕ್ಕಿಡುವುದು. ಉಳಿದ 51 ಎಲೆ ನಾನು ಎಣಿಸಬೇಕು. ಕೊನೆಗೆ ಜಮಾ ಒಂದು ಬಂದರೆ ಮುಚ್ಚಿಟ್ಟದ್ದು ದೊಡ್ಡ ಎಲೆ. ಸಾಲ ಒಂದು ಬಂದರೆ ಸಣ್ಣದು. ಸೊನ್ನೆ ಬಂದರೆ ಏಳು, ಎಂಟು ಅಥವಾ ಒಂಬತ್ತು. ಅಪ್ಪ ಎಲೆ ತಿರುಗಿಸುವಾಗ ಇಡೀ ಮನೆ ಉಸಿರು ಹಿಡಿದು ನೋಡುತ್ತಿತ್ತು. ಇದಕ್ಕೆ ಆ್ಯಪ್ ಬೇಡ, ಆರು ಕಟ್ಟೂ ಬೇಡ. ಮನೆಯಲ್ಲಿರುವ ಯಾವುದಾದರೂ ಒಂದು ಕಟ್ಟು ಸಾಕು. ಕಲಿಯಬೇಕೋ ಬೇಡವೋ ಅಂತ ನೋಡುವವರು ಮೊದಲು ಒಂದು ತಿಂಗಳು ಇದನ್ನೇ ಆಡಿ, ದುಡ್ಡು ಹಾಕುವ ಮುಂಚೆ.

ಮೇ ತಿಂಗಳ ಒಂದು ಮಂಗಳವಾರ ಮೊದಲ ಸಲ ನಿಜವಾದ ಮೇಜಿಗೆ ಕೂತೆ. ವಾರದ ದಿನ ಹೋದರೆ ಕಡಿಮೆ ಬೆಟ್‌ನ ಮೇಜು ಸಿಗುತ್ತದೆ. ಅಪ್ಪನೂ ನಮ್ಮನೆಯವರೂ ಜೊತೆಗಿದ್ದರು. ಪುಳಿಯೋಗರೆ ಕಟ್ಟಿಕೊಂಡು ಹೋಗಿದ್ದೆವು, ಸಮುದ್ರದ ಎದುರು ಬೆಂಚಿನ ಮೇಲೆ ಕೂತು ತಿಂದೆವು. ಆಮೇಲೆ ಅವರಿಬ್ಬರೂ ಬೋರ್ಡ್‌ವಾಕ್ ಮೇಲೆ ನಡೆಯಲು ಹೋದರು, ನಾನು ಒಳಗೆ ಹೋದೆ. ಈ ಆಟಕ್ಕೆ ಅಂತಲೇ 600 ಡಾಲರ್ ತೆಗೆದಿಟ್ಟಿದ್ದೆ. ಮನೆ ಖರ್ಚಿನ ದುಡ್ಡು ಅದರಲ್ಲಿ ಒಂದು ರೂಪಾಯಿಯೂ ಇರಲಿಲ್ಲ.

ಮೊದಲು ಎರಡು ಮೇಜು ಬಿಟ್ಟೆ. ಅಲ್ಲಿ ಬ್ಲ್ಯಾಕ್‌ಜಾಕ್‌ಗೆ, ಅಂದರೆ ಎಕ್ಕ-ಹತ್ತರ ಜೋಡಿಗೆ, ಎರಡಕ್ಕೆ ಮೂರರ ಬದಲು ಐದಕ್ಕೆ ಆರು ಕೊಡುತ್ತಾರೆ ಅಂತ ಬರೆದಿತ್ತು. 15 ಡಾಲರ್ ಇಟ್ಟರೆ ಇಪ್ಪತ್ತೆರಡೂವರೆ ಬರಬೇಕಾದಲ್ಲಿ 18 ಬರುತ್ತದೆ. ಚಾರ್ಟ್ ಪ್ರಕಾರ ಆಡಿದರೆ ಕ್ಯಾಸಿನೊ ಕೈ ಮೇಲಿರುವುದು ಸುಮಾರು ಅರ್ಧ ಪರ್ಸೆಂಟ್ ಮಾತ್ರ. ಈ ಒಂದು ನಿಯಮವೇ ಅದಕ್ಕೆ ಇನ್ನೂ 1.4 ಪರ್ಸೆಂಟಿನಷ್ಟು ಸೇರಿಸುತ್ತದೆ. ಟ್ರೂ ಕೌಂಟ್ ಒಂದು ಏರಿದರೆ ನಮಗೆ ಸಿಗುವುದು ಅರ್ಧ ಪರ್ಸೆಂಟ್. ಅಂದರೆ ಅಂಥ ಮೇಜಿನಲ್ಲಿ ಟ್ರೂ ಕೌಂಟ್ ನಾಲ್ಕು ಆಗುವ ತನಕ ಕಾದರೆ ಸರಿಸಮ ಆಗುತ್ತೇವೆ ಅಷ್ಟೆ. ಇದನ್ನು ಆ್ಯಪ್ ಎಲ್ಲೂ ಹೇಳಿಕೊಡುವುದಿಲ್ಲ. ಆಡಿದ ಎಲೆಯನ್ನು ಆಗಾಗಲೇ ಒಳಗೆ ಹಾಕಿ ಕಲೆಸುತ್ತಲೇ ಇರುವ ಯಂತ್ರ ಇದ್ದರೂ ಕೂರಬೇಡಿ. ಅಲ್ಲಿ ಎಣಿಸಲು ಏನೂ ಇರುವುದಿಲ್ಲ.

ಮೂರನೇ ಮೇಜಿನಲ್ಲಿ ಕೂತೆ. 15 ಡಾಲರ್ ಮೇಜು, ಆರು ಕಟ್ಟು, ಕಟ್ ಕಾರ್ಡ್ ಕೊನೆಯಿಂದ ಒಂದೂವರೆ ಕಟ್ಟಿನ ಹತ್ತಿರ. ಮೊದಲ ಶೂ ಪೂರ್ತಿ ಲೆಕ್ಕ ಸಿಕ್ಕಿತು. ಎರಡನೆಯದರಲ್ಲಿ ಕುಡಿಯಲು ಏನು ಬೇಕು ಅಂತ ಒಬ್ಬಾಕೆ ಕೇಳಿದರು, "ನೀರು ಸಾಕು" ಅಂತ ಹೇಳುವಷ್ಟರಲ್ಲಿ ಸಂಖ್ಯೆ ಹೋಯಿತು. ಆ ಶೂ ಮುಗಿಯುವ ತನಕ 15 ಡಾಲರೇ ಇಟ್ಟು ಆ್ಯಪ್ ಕಲಿಸಿದ ಹಾಗೆ ಆಡಿದೆ. ಮನೆಯಲ್ಲಿ ಅಪ್ಪ ಎಲೆ ಹಂಚುತ್ತಾ ಊರಿನ ಸುದ್ದಿ ಹೇಳುತ್ತಿದ್ದದ್ದು ಎಷ್ಟು ಒಳ್ಳೆಯ ಅಭ್ಯಾಸ ಅಂತ ಆಗ ಅರ್ಥವಾಯಿತು. ಯಾರ ತೋಟಕ್ಕೆ ಕೊಳೆ ರೋಗ ಬಂತು, ಯಾರ ಮಗ ಮನೆ ಕಟ್ಟಿಸಿದ, ಅದಕ್ಕೆಲ್ಲ ಉತ್ತರ ಕೊಡುತ್ತಲೇ ನಾನು ಎಣಿಸಬೇಕಿತ್ತು. ಅಲ್ಲಿಂದ ಬಂದ ಮೇಲೆ ಅವರಿಗೆ ಹೇಳಿದೆ, ಇನ್ನೂ ಜಾಸ್ತಿ ಮಾತಾಡಿ, ಪ್ರಶ್ನೆ ಕೇಳಿ ಅಂತ. ಅವರು ಬಹಳ ಖುಷಿಯಿಂದ ಒಪ್ಪಿದರು.

ಇಲ್ಲಿಯ ತನಕ ಮೂರು ಸಲ ಹೋಗಿದ್ದೇನೆ. ಮೇನಲ್ಲಿ 135 ಡಾಲರ್ ಹೋಯಿತು. ಜೂನ್‌ನಲ್ಲಿ 90 ಬಂತು. ಸೆಪ್ಟೆಂಬರ್‌ನಲ್ಲಿ 165 ಹೋಯಿತು. ಒಟ್ಟು 210 ಡಾಲರ್ ಕೈಯಿಂದ. ಇದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ, ಯಾಕೆಂದರೆ ಎಣಿಕೆ ಕಲಿಸುವವರ ಜಾಹೀರಾತಿನಲ್ಲಿ ಬರೀ ಗೆದ್ದವರೇ ಕಾಣುತ್ತಾರೆ. 15 ಡಾಲರ್‌ನಂತೆ ನೂರು ಕೈ ಆಡಿದರೆ ಲೆಕ್ಕದ ಪ್ರಕಾರ ಹೋಗಬೇಕಾದದ್ದು ಏಳೆಂಟು ಡಾಲರ್. ಆದರೆ ಅದೃಷ್ಟದ ಏರಿಳಿತದಲ್ಲಿ 170 ಡಾಲರ್ ಆಚೆ ಈಚೆ ಆಗುವುದು ತೀರಾ ಮಾಮೂಲು. ಬೆಟ್ ಏರಿಸಿದರೆ ಏರಿಳಿತವೂ ಏರುತ್ತದೆ. ಎಣಿಸುವವರಿಗೆ ಸಿಗುವುದು ನೂರಕ್ಕೆ ಒಂದರ ಆಸುಪಾಸು. ಆ ಒಂದು ಕಣ್ಣಿಗೆ ಕಾಣಬೇಕಾದರೆ ಸಾವಿರಾರು ಕೈ ಆಡಬೇಕು, ಅಷ್ಟು ದಿನ ತಾಳುವಷ್ಟು ದುಡ್ಡೂ ಬೇಕು. ನಾನು 15ರಿಂದ 60ರ ತನಕ ಮಾತ್ರ ಏರಿಸುತ್ತೇನೆ. ಆರು ಕಟ್ಟಿನ ಆಟದಲ್ಲಿ ನಿಜವಾಗಿ ಗಳಿಸುವವರು ಎಂಟು ಹತ್ತು ಪಟ್ಟು ಏರಿಸುತ್ತಾರೆ. ಅದು ನನ್ನ ಜೇಬಿಗೆ ಆಗುವುದಿಲ್ಲ. ಆ ಆಸೆಯೂ ಇಲ್ಲ.

ಸೆಪ್ಟೆಂಬರ್‌ನ ಒಂದು ಕೈ ಮಾತ್ರ ಹೇಳಲೇಬೇಕು. ಜಮಾ ಹನ್ನೆರಡು, ಮೂರು ಕಟ್ಟು ಉಳಿದಿತ್ತು. ಟ್ರೂ ಕೌಂಟ್ ನಾಲ್ಕು. 60 ಇಟ್ಟೆ. ಡೀಲರ್ ಎಕ್ಕ ತೋರಿಸಿದಳು. ಇನ್ಶೂರೆನ್ಸ್ ಬೇಕಾ ಅಂತ ಕೇಳಿದಳು, ಅಂದರೆ ಅವಳ ಮುಚ್ಚಿದ ಎಲೆ ಹತ್ತು ಅಂತ ಕಟ್ಟುವ ಪಕ್ಕದ ಬೆಟ್. ಅದನ್ನು ಯಾವತ್ತೂ ತೆಗೆದುಕೊಳ್ಳಬಾರದು ಅಂತ ಚಾರ್ಟ್ ಹೇಳುತ್ತದೆ. ಆದರೆ ಟ್ರೂ ಕೌಂಟ್ ಮೂರು ಮುಟ್ಟಿದರೆ ಅದು ನಮಗೇ ಲಾಭ, ಹತ್ತುಗಳು ಅಷ್ಟು ಜಾಸ್ತಿ ಉಳಿದಿರುತ್ತವೆ. 30 ಡಾಲರ್ ಇಟ್ಟೆ. ಕೆಳಗಿದ್ದದ್ದು ರಾಣಿ. ಬೆಟ್ ಹೋಯಿತು, ಇನ್ಶೂರೆನ್ಸ್ ಬಂತು, ಕೈಯಲ್ಲಿದ್ದದ್ದು ಅಷ್ಟೇ ಉಳಿಯಿತು. ನನಗೆ ಆದ ಸಂತೋಷ ದುಡ್ಡಿನದ್ದಲ್ಲ. ಮನೆಯಲ್ಲಿ ಕಲಿತದ್ದು ಅಷ್ಟು ಗದ್ದಲದ ನಡುವೆ ನೆನಪಾಗಿ, ಸರಿಯಾದ ಹೊತ್ತಿಗೆ ಕೈಗೆ ಬಂತಲ್ಲ, ಅದು.

ಅದಾದ ಮುಂದಿನ ಕೈಗೂ 60 ಇಟ್ಟೆ. ಮೇಲ್ವಿಚಾರಕ ಬಂದು ಡೀಲರ್ ಕಿವಿಯಲ್ಲಿ ಏನೋ ಹೇಳಿದ. ಎರಡು ಕಟ್ಟಿಗಿಂತ ಜಾಸ್ತಿ ಉಳಿದಿದ್ದರೂ ಕಲೆಸಿಬಿಟ್ಟರು. ನ್ಯೂಜೆರ್ಸಿಯಲ್ಲಿ ಹೊರಗೆ ಹಾಕುವಂತಿಲ್ಲ, ಬೇಕಾದಾಗ ಕಲೆಸಬಹುದು. ಲೆಕ್ಕ ಸೊನ್ನೆಗೆ ಬಂತು. ನಾನೂ 15ಕ್ಕೆ ಇಳಿದೆ.

ಹಾಗಾದರೆ ಕೊಳ್ಳಬಹುದಾ ಅಂತ ಕೇಳಿದರೆ, ಇಡೀ ಸೆಟ್ ಬೇಡ. ಟ್ರೇ ಮತ್ತು ಶೂ ಬಿಡಿಯಾಗಿ ಸಿಗುತ್ತವೆ, ಅವನ್ನು ಕೊಳ್ಳಿ. ಎಲೆ ಮಾತ್ರ ಕ್ಯಾಸಿನೊ ಬಳಸಿ ಬಿಟ್ಟದ್ದನ್ನೇ ಕೊಳ್ಳಿ. ಆ್ಯಪ್ ಬೇಕಿದ್ದರೆ ಜೋಡಿ ಎಲೆಯ ಪಾಠ ಇರುವುದನ್ನು ನೋಡಿ, ಎರಡು ತಿಂಗಳಿಗೆ ಸಾಕು. ಎಲೆ ಹಂಚಲು ಒಬ್ಬ ಮನುಷ್ಯ ಬೇಕೇ ಬೇಕು, ಮಾತಾಡುವ ಮನುಷ್ಯ ಆದರೆ ಇನ್ನೂ ಒಳ್ಳೆಯದು. ಐದರಲ್ಲಿ ನಾನು ಟ್ರೇಗೆ ನಾಲ್ಕು ಕೊಡುತ್ತೇನೆ, ಆ್ಯಪ್‌ಗೆ ಎರಡು, ಅವರ ಎಲೆಗೆ ಒಂದು.

ಅಪ್ಪ ಆಗಸ್ಟ್‌ನಲ್ಲಿ ಊರಿಗೆ ಹೋದರು. ಈಗ ನಮ್ಮನೆಯವರು ಹಂಚುತ್ತಾರೆ, ತುಂಬಾ ನಿಧಾನ. ಸೆಟ್‌ನ ಆ ತೆಳು ಎಲೆಗಳಲ್ಲಿ ಎರಡು ಕಟ್ಟನ್ನು ಅಪ್ಪ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋದರು. ಏಳರಿಂದ ಎಕ್ಕದ ತನಕ ಬೇರೆ ತೆಗೆದಿಟ್ಟು ಸಂಜೆ ಇಪ್ಪತ್ತೆಂಟು ಆಡುತ್ತಾರಂತೆ. ಕಲೆಸಲು ಸುಲಭ, ಕೈಯಲ್ಲಿ ಚೆನ್ನಾಗಿ ಕೂರುತ್ತವೆ, ಹಿಂದಿನ ಎಲೆಗಳಿಗಿಂತ ಇವೇ ವಾಸಿ ಅಂತ ಹೋದ ಭಾನುವಾರ ಫೋನಿನಲ್ಲಿ ಹೇಳಿದರು.